ಮಗಳಿಗೊಂದು ಪತ್ರ: ಮ್ಯೂನಿಕ್‌ನಲ್ಲಿ ಮನೆ ಹೂಡುವ ಮುನ್ನ

ಪ್ರೀತಿಯ ಪುಟ್ಟಿ,

ಮ್ಯೂನಿಕ್‌ಗೆ ಇಳಿದ ವಾರವೇ ಹೊಸ ಆಫೀಸು, ಹೊಸ ಜನ ಎಲ್ಲ ಒಟ್ಟಿಗೆ ಮೈಮೇಲೆ ಬರುತ್ತದೆ. ಆ ಗಡಿಬಿಡಿಯಲ್ಲಿ ಒಂದು ಕೆಲಸವನ್ನು ಮಾತ್ರ ಹಿಂದಕ್ಕೆ ಹಾಕಬೇಡ. ವಿಳಾಸ ಮಾಡಿಸಿಕೊಳ್ಳೋದು. ಜರ್ಮನಿಯಲ್ಲಿ ತೆರಿಗೆ, ಬ್ಯಾಂಕು, ವಿಮೆ, ಬ್ಲೂ ಕಾರ್ಡು (ಅಲ್ಲಿದ್ದು ಕೆಲಸ ಮಾಡಲು ಕೊಡುವ ಪರವಾನಗಿ) ಎಲ್ಲದರ ಕಾಗದವೂ ಮನೆಗೆ ಅಂಚೆಯಲ್ಲೇ ಬರುತ್ತದೆ.

ಮನೆಗೆ ಹೋದ ಎರಡು ವಾರದೊಳಗೆ ಬ್ಯೂರ್ಗರ್‌ಬ್ಯೂರೋ ಎಂಬ ನಗರದ ನಾಗರಿಕ ಸೇವಾ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಅನ್‌ಮೆಲ್ಡುಂಗ್ ಅನ್ನುತ್ತಾರೆ. ಅಪಾಯಿಂಟ್‌ಮೆಂಟ್ ಸುಲಭಕ್ಕೆ ಸಿಗೋದಿಲ್ಲ. ಮನೆ ಖಚಿತವಾದ ದಿನವೇ ಆನ್‌ಲೈನ್‌ನಲ್ಲಿ ಹುಡುಕಲು ಶುರುಮಾಡು. ಪಾಸ್‌ಪೋರ್ಟು, ತುಂಬಿದ ಫಾರ್ಮು, ಇವುಗಳ ಜೊತೆಗೆ "ಇವರು ನನ್ನ ಮನೆಗೆ ಬಂದಿದ್ದಾರೆ" ಎಂದು ಮಾಲೀಕರು ಸಹಿ ಮಾಡಿದ ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್ ಎಂಬ ಪತ್ರ ಬೇಕು. ಬಾಡಿಗೆ ಕರಾರು ಇದರ ಬದಲಿಗೆ ನಡೆಯೋದಿಲ್ಲ. ಕರಾರು ಒಂದನ್ನೇ ಹಿಡಿದು ಹೋದವರು ಕೌಂಟರಿನಿಂದ ಬರಿಗೈಲಿ ವಾಪಸ್ ಬರುತ್ತಾರೆ. ಮೊದಲ ತಿಂಗಳಿಗೆ ತಾತ್ಕಾಲಿಕ ಕೋಣೆ ಹಿಡಿಯುವಾಗಲೂ ಅಲ್ಲಿ ಅನ್‌ಮೆಲ್ಡುಂಗ್ ಆಗುತ್ತದಾ ಎಂದು ಕೇಳು. ಆಗೋದಿಲ್ಲ ಅಂದರೆ ಬಾಡಿಗೆ ಎಷ್ಟೇ ಕಮ್ಮಿ ಇರಲಿ, ಬೇಡ. ಫಾರ್ಮಿನಲ್ಲಿ ಧರ್ಮದ ಕಾಲಂ ಇರುತ್ತದೆ. ಕ್ಯಾಥಲಿಕ್ ಅಥವಾ ಪ್ರಾಟೆಸ್ಟೆಂಟ್ ಎಂದು ಬರೆದವರಿಂದ ಬವೇರಿಯಾದಲ್ಲಿ ಆದಾಯ ತೆರಿಗೆಯ ಶೇ. 8ರಷ್ಟು ಚರ್ಚ್ ತೆರಿಗೆ ಹಿಡಿಯುತ್ತಾರೆ. ನಿನಗೆ ಅದು ಬರೋದಿಲ್ಲ.

ಇನ್ನು ಹೆಸರಿನ ವಿಷಯ. ಅಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಕಟ್ಟಡದ ನಂಬರ್ ಮಾತ್ರ ಇರುತ್ತದೆ, ಫ್ಲ್ಯಾಟ್ ನಂಬರ್ ಇರೋದಿಲ್ಲ. ಅಂಚೆಯವರು ಕೆಳಗಿನ ಪೆಟ್ಟಿಗೆಗಳ ಮೇಲಿನ ಹೆಸರು ನೋಡಿಯೇ ಕಾಗದ ಹಾಕೋದು. ಹೆಸರಿಲ್ಲದಿದ್ದರೆ ಕಾಗದ ಬಂದ ದಾರಿಗೇ ಹೋಗುತ್ತದೆ, ನಿನಗೆ ಗೊತ್ತೂ ಆಗೋದಿಲ್ಲ. ನಾವು ಇನಿಷಿಯಲ್ ಹಾಕಿ ಹೆಸರು ಬರೆಯುವವರು. ನಿನ್ನ ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿರೋದು ಅಪ್ಪನ ಹೆಸರು. ಅವರ ಲೆಕ್ಕಕ್ಕೆ ಅದೇ ನಿನ್ನ ಹೆಸರು. ಅಂಚೆ ಪೆಟ್ಟಿಗೆಗೂ ಬಾಗಿಲ ಬೆಲ್ಲಿಗೂ ಅದನ್ನೇ, ಪಾಸ್‌ಪೋರ್ಟಿನ ಸ್ಪೆಲ್ಲಿಂಗಿನಲ್ಲೇ ಅಂಟಿಸು. ಬೇರೆಯವರ ಮನೆಯಲ್ಲಿ ಕೋಣೆ ಹಿಡಿದಿದ್ದರೂ ಅವರ ಹೆಸರಿನ ಕೆಳಗೆ ನಿನ್ನದೂ ಇರಲಿ.

ಅನ್‌ಮೆಲ್ಡುಂಗ್ ಆದ ಕೆಲವು ವಾರಕ್ಕೆ ತೆರಿಗೆ ನಂಬರ್ ಅಂಚೆಯಲ್ಲಿ ಬರುತ್ತದೆ. ಬಂದ ದಿನವೇ ಎಚ್‌ಆರ್‌ಗೆ ಕೊಡು. ಕೊಡದೆ ಬಿಟ್ಟರೆ ಅತಿ ಹೆಚ್ಚು ತೆರಿಗೆಯ ಆರನೇ ವರ್ಗದಲ್ಲಿ ಸಂಬಳ ಕಡಿತವಾಗಬಹುದು. ಹಿಂದೆಯೇ ರೇಡಿಯೋ-ಟಿವಿ ಶುಲ್ಕದ ಕಾಗದವೂ ಬರುತ್ತದೆ. ತಿಂಗಳಿಗೆ 18.36 ಯೂರೋ, ಟಿವಿ ಇರಲಿ ಬಿಡಲಿ. ಮೋಸದ ಕಾಗದವೆಂದು ಎಸೆಯಬೇಡ. ಅದು ತಲೆಗೆ ಇಷ್ಟೆಂದಲ್ಲ, ಮನೆಗೊಂದು. ಜೊತೆಗಿರುವವರು ಆಗಲೇ ಕಟ್ಟುತ್ತಿದ್ದರೆ ಅವರ ಶುಲ್ಕ ಖಾತೆಯ ನಂಬರ್ ಬರೆದು ಉತ್ತರಿಸಿದರೆ ಸಾಕು.

ಮನೆಯ ಮುಂಗಡ ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ, ಅಂದರೆ ಹೀಟಿಂಗ್, ನೀರಿನ ಖರ್ಚು ಸೇರದ ಬಾಡಿಗೆಗಿಂತ, ಹೆಚ್ಚಿರುವಂತಿಲ್ಲ. ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕೂ ನಿನಗಿದೆ. "ನಾನು ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿ, ಕೀಲಿ ಕೊರಿಯರ್ ಮಾಡ್ತೀನಿ" ಅನ್ನುವವರು ವಂಚಕರೇ. ಮನೆ ನೋಡದೆ ಒಂದು ಯೂರೋ ಕಳಿಸಬೇಡ. ಕೀಲಿ ತೆಗೆದುಕೊಳ್ಳುವಾಗ ಮೀಟರಿನ ಅಂಕಿ, ಗೋಡೆಯ ಕಲೆ, ನೆಲದ ಗೀರು ಎಲ್ಲವನ್ನೂ ಹಸ್ತಾಂತರ ಪತ್ರದಲ್ಲಿ ಬರೆಸಿ ಫೋಟೋ ತೆಗೆ.

ಮುಂಗಡ ಮುರಿದುಕೊಳ್ಳಲು ಮನೆ ಮಾಲೀಕರಿಗೆ ಸಿಗುವ ದೊಡ್ಡ ಕಾರಣ ಗೋಡೆಯ ಬೂಷ್ಟು. ಚಳಿಗಾಲದಲ್ಲಿ ಅನ್ನ ಬೇಯಿಸಿದ ಆವಿ, ಒಳಗೆ ಒಣಹಾಕಿದ ಬಟ್ಟೆಯ ತೇವ, ಸ್ನಾನದ ಹಬೆ ಎಲ್ಲ ಮನೆಯಲ್ಲೇ ಉಳಿದು ತಣ್ಣನೆಯ ಮೂಲೆಗಳಲ್ಲಿ ನೀರಾಗಿ ಕೂರುತ್ತದೆ. ಕಿಟಕಿಯನ್ನು ಮೇಲ್ಭಾಗ ಮಾತ್ರ ಓರೆ ಮಾಡಿ ದಿನವಿಡೀ ಬಿಟ್ಟರೆ ಸುತ್ತಲಿನ ಗೋಡೆ ಇನ್ನೂ ತಣ್ಣಗಾಗಿ ಬೂಷ್ಟು ಜಾಸ್ತಿಯಾಗುತ್ತದೆ. ಹೀಟರ್ ತಗ್ಗಿಸಿ, ಎದುರುಬದುರಿನ ಕಿಟಕಿಗಳನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಬಿಡು, ಮುಚ್ಚು. ದಿನಕ್ಕೆ ಎರಡು ಮೂರು ಸಲ ಹೀಗೆ ಮಾಡು. ಅಡುಗೆ, ಸ್ನಾನ ಆದಮೇಲೆ ತಪ್ಪಿಸಲೇಬೇಡ. ತೇವಾಂಶ ಅಳೆಯುವ ಚಿಕ್ಕ ಮೀಟರ್ ಒಂದು ತಂದಿಡು, ಶೇ. 40ರಿಂದ 60ರ ನಡುವೆ ಇರಲಿ. ಹೀಟರ್ ತಿರುಗಣೆಯ 3 ಅಂದರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಬೆಚ್ಚಗಾಗೋದಿಲ್ಲ. ಇನ್ನಷ್ಟು ಬಿಸಿಯಾಗುವವರೆಗೆ ಅದು ನಿಲ್ಲೋದೇ ಇಲ್ಲ, ಬಿಲ್ಲು ಮಾತ್ರ ಏರುತ್ತದೆ.

ಆರೋಗ್ಯ ವಿಮೆಯಲ್ಲಿ ಸರ್ಕಾರಿ ಪದ್ಧತಿಯದನ್ನೇ ತಗೋ, ಎಒಕೆ, ಟಿಕೆ ಹೀಗೆ ಯಾವ ವಿಮಾ ಸಂಸ್ಥೆಯಾದರೂ ಸರಿ. ಸಂಬಳ ಖಾಸಗಿ ವಿಮೆಗೆ ಬೇಕಾದ ಮಿತಿ ದಾಟಿದರೆ ಖಾಸಗಿಯವರು ಕಡಿಮೆ ಕಂತಿನ ಆಸೆ ತೋರಿಸುತ್ತಾರೆ. ವಯಸ್ಸಾದಂತೆ ಆ ಕಂತು ಏರುತ್ತದೆ, ಮರಳಿ ಬರೋದು ಬಹಳ ಕಷ್ಟ.

ಆಫೀಸಿನಲ್ಲಿ ಪ್ರೊಬೇಷನ್ ಸಾಮಾನ್ಯವಾಗಿ ಆರು ತಿಂಗಳು. ಆ ಅವಧಿಯಲ್ಲಿ ಎರಡು ವಾರದ ನೋಟಿಸಿನಲ್ಲಿ ನೀನಾಗಲಿ ಕಂಪನಿಯಾಗಲಿ ಕೆಲಸ ಮುಗಿಸಬಹುದು. ಹುಷಾರಿಲ್ಲದಿದ್ದರೆ ಕೆಲಸ ಶುರುವಾಗುವ ಮೊದಲೇ ತಿಳಿಸು. ಮೂರು ದಿನ ದಾಟಿದರೆ ನಾಲ್ಕನೇ ದಿನಕ್ಕೆ ಡಾಕ್ಟರ ಪ್ರಮಾಣಪತ್ರ ಬೇಕು. ಕೆಲವು ಕರಾರುಗಳಲ್ಲಿ ಮೊದಲ ದಿನದಿಂದಲೇ ಕೇಳುತ್ತಾರೆ, ನಿನ್ನದನ್ನು ಓದಿ ನೋಡು. ರಾತ್ರಿ ಕ್ಲಿನಿಕ್ ಮುಚ್ಚಿದ್ದರೆ 116117, ಪ್ರಾಣಕ್ಕೆ ಕುತ್ತಾದರೆ 112. ಮೊದಲ 12 ತಿಂಗಳಲ್ಲಿ ಕೆಲಸ ಬದಲಿಸುವ ಯೋಚನೆ ಬಂದರೆ ವಿದೇಶಿಯರ ಕಚೇರಿಗೆ ತಿಳಿಸದೆ ಮುಂದುವರಿಯಬೇಡ. ಭಾಷೆ ಇವತ್ತಿನಿಂದಲೇ ಶುರುಮಾಡು: ಬ್ಲೂ ಕಾರ್ಡಿನವರಿಗೆ ಬಿ1 ಅಂದರೆ ಮಧ್ಯಮ ಮಟ್ಟದ ಜರ್ಮನ್ ಇದ್ದರೆ 21 ತಿಂಗಳಿಗೆ, ಎ1 ಅಂದರೆ ಮೊದಲ ಹಂತದ್ದು ಇದ್ದರೆ 27 ತಿಂಗಳಿಗೆ ಕಾಯಂ ವಾಸದ ಅರ್ಜಿ ಹಾಕಬಹುದು.

ಹೊರಡುವ ಮುಂಚೆ ಇಲ್ಲಿನ ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒ, ಅಂದರೆ ಹೊರದೇಶದಲ್ಲಿರುವವರು ಇಲ್ಲಿನ ಹಣಕ್ಕೆ ಇಟ್ಟುಕೊಳ್ಳುವ ಖಾತೆ, ಮಾಡಿಸಲು ಏನೇನು ಕಾಗದ ಬೇಕೆಂದು ಬ್ಯಾಂಕಿನಲ್ಲಿ ವಿಚಾರಿಸು. ನೀನು ದುಡಿದು ಕಳಿಸುವ ದುಡ್ಡಿಗೆ ಎನ್‌ಆರ್‌ಇ ಖಾತೆ ಬೇರೆ ತೆರೆ. ಈಗಿನ ಸಿಮ್ ಬಿಡಬೇಡ. ಒಟಿಪಿ ಬರೋದು ಅದಕ್ಕೇ, ರೀಚಾರ್ಜ್ ತಪ್ಪಿದರೆ ನಂಬರೇ ಹೋಗುತ್ತದೆ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಉಳಿದ ದಿನ ರಾತ್ರಿ 8ಕ್ಕೆ ಬಾಗಿಲು ಹಾಕುತ್ತಾರೆ. ಹಾಲು, ತರಕಾರಿ ಶನಿವಾರವೇ ತಂದಿಡು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿ ನಮಗೂ ನಿನಗೂ ನಾಲ್ಕೂವರೆ ಗಂಟೆ ಅಂತರವಾಗುತ್ತದೆ. ನೀನು ಸಂಜೆ ಆರಕ್ಕೆ ಫೋನ್ ಮಾಡಿದರೆ ಇಲ್ಲಿ ರಾತ್ರಿ ಹತ್ತೂವರೆ, ಅಪ್ಪ ಮಲಗಿರುತ್ತಾರೆ. ಊಟದ ಬಿಡುವಿನಲ್ಲಿ ಮಾಡು.

ನಿನ್ನ
ಅಮ್ಮ