ಸರಕು ವಿಮಾನ ಹಂಚಿಕೆ: ಮಾನದಂಡ ಪ್ರಕಟಿಸಿ

ಮಾನ್ಯರೇ,

ವಿದೇಶಗಳಿಗೆ ಹಾರುವ ಸರಕು ಚಾರ್ಟರ್ (ನಿಗದಿತ ವೇಳಾಪಟ್ಟಿಯಿಲ್ಲದೆ ಬಾಡಿಗೆಗೆ ಹಾರುವ) ವಿಮಾನಗಳ ಸಂಖ್ಯೆಗೆ ಮಿತಿ ಹಾಕಿದಾಗ, ಯಾವ ವಿಮಾನಯಾನ ಕಂಪನಿಗೆ ಎಷ್ಟು ಪಾಲು ಎಂಬುದನ್ನು ಕೇಂದ್ರ ಸರ್ಕಾರ ಕಡತದೊಳಗೇ ತೀರ್ಮಾನಿಸದೆ, ಅದರ ಮಾನದಂಡಗಳನ್ನು ಮೊದಲೇ ಪ್ರಕಟಿಸಬೇಕು. ‘ಮೊದಲು ಬಂದವರಿಗೆ ಮೊದಲ ಆದ್ಯತೆ’ ಎಂದು ಹಂಚಿದ್ದ 122 ಟೆಲಿಕಾಂ ಪರವಾನಗಿಗಳನ್ನು ಸುಪ್ರೀಂ ಕೋರ್ಟ್ 2012ರಲ್ಲಿ ರದ್ದುಪಡಿಸಿದ್ದು ದೆಹಲಿಗೆ ಮರೆತಿರಲಾರದು.

ಇದು ಯಾದಗಿರಿಗೆ ಸಂಬಂಧಪಡದ ಮಾತೇನಲ್ಲ. ವಿದೇಶಿ ಕಂಪನಿಗಳ ಸರಕು ಚಾರ್ಟರ್‌ಗಳನ್ನು 2020ರಲ್ಲಿ ಆರು ಮಹಾನಗರಗಳ ನಿಲ್ದಾಣಗಳಿಗೆ ಸೀಮಿತಗೊಳಿಸಿದಾಗ, ಆ ಪಟ್ಟಿಯಲ್ಲಿ ನಮಗೆ ಹತ್ತಿರವಿದ್ದದ್ದು ಹೈದರಾಬಾದ್ ಒಂದೇ. ಅದರ ಹಿಂದಿನ ವರ್ಷವಷ್ಟೇ ಆರಂಭವಾಗಿದ್ದ ಕಲಬುರಗಿ ನಿಲ್ದಾಣ ಲೆಕ್ಕಕ್ಕೇ ಬರಲಿಲ್ಲ. ಕಡೇಚೂರು ಕೈಗಾರಿಕಾ ಪ್ರದೇಶದ ಔಷಧ ಘಟಕವೊಂದು ತನ್ನ ಡ್ರಮ್‌ಗಳನ್ನು ಲಾರಿಗೇರಿಸಿ ಹೈದರಾಬಾದ್‌ಗೆ ಮುಟ್ಟಿಸಿದರೂ, ವಿಮಾನದಲ್ಲಿ ಜಾಗ ಸಿಗದಿದ್ದರೆ ಅವು ಗೋದಾಮಿನಲ್ಲೇ ಕಾಯಬೇಕು, ಬಾಡಿಗೆ ಏರುತ್ತಲೇ ಇರುತ್ತದೆ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕಾದ ಲಸಿಕೆಯಂಥ ಸರಕಿಗಂತೂ ಕಾಯುವುದೇ ಅಪಾಯ.

ಆದ್ದರಿಂದ ಪಾಲು ಪಡೆದೂ ಹಾರಿಸದ ಕಂಪನಿಯಿಂದ ಅದನ್ನು ನಿಗದಿತ ಅವಧಿಯೊಳಗೆ ಹಿಂಪಡೆದು, ಸರಕು ಸಿದ್ಧವಿರುವ ಸಣ್ಣ ಕಂಪನಿಗಳಿಗೆ ಕೊಡಬೇಕು. ಯಾರಿಗೆ ಎಷ್ಟು ಸಿಕ್ಕಿತು, ಎಷ್ಟು ಬಳಕೆಯಾಯಿತು ಎಂಬ ಪಟ್ಟಿಯನ್ನು ಪ್ರತಿ ತಿಂಗಳು ಬಹಿರಂಗಪಡಿಸಲಿ. ಕಲ್ಯಾಣ ಕರ್ನಾಟಕದ ಸಂಸದರು ಇದನ್ನು ಸದನದಲ್ಲಿ ಕೇಳಬೇಕು.

– ಓದುಗ, ಯಾದಗಿರಿ