ವಿದೇಶ ವ್ಯಾಸಂಗದ ಮಾಹಿತಿಗೆ ಶುಲ್ಕವೇಕೆ?

ಮಾನ್ಯ ಸಂಪಾದಕರೇ,

ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿರುವ ನನ್ನ ಬಳಿಗೆ ಕಳೆದ ಫೆಬ್ರವರಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ರಸೀದಿ ಹಿಡಿದು ಬಂದಳು. ವಿದೇಶ ವ್ಯಾಸಂಗದ ಕನ್ಸಲ್ಟೆನ್ಸಿಯೊಂದಕ್ಕೆ ‘ಪ್ರೊಸೆಸಿಂಗ್ ಶುಲ್ಕ’ವೆಂದು 25,000 ರೂಪಾಯಿ ಕಟ್ಟಿದ ರಸೀದಿ ಅದು. ಹಣಕ್ಕೆ ಪ್ರತಿಯಾಗಿ ಅವರು ಕೊಟ್ಟದ್ದು ಒಂದು ಹಾಳೆ. ಅದರಲ್ಲಿ ಜರ್ಮನಿಯ ಐದು ಸಂಸ್ಥೆಗಳ ಹೆಸರು, ಐದೂ ಖಾಸಗಿ, ಐದಕ್ಕೂ ಲಕ್ಷಗಟ್ಟಲೆ ಬೋಧನಾ ಶುಲ್ಕ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಅದೇ ವಿಷಯದಲ್ಲಿ ಎಂ.ಎಸ್ಸಿ. ಮಾಡಬೇಕೆಂದಿದ್ದ ಹುಡುಗಿಗೆ ಮೂರು ಕಡೆ ಮ್ಯಾನೇಜ್‌ಮೆಂಟ್ ಕೋರ್ಸ್ ಸೂಚಿಸಿದ್ದರು. ವಿದ್ಯಾರ್ಥಿಯನ್ನು ಸೇರಿಸಿಕೊಟ್ಟರೆ ಕಮಿಷನ್ ಕೊಡುವ ಸಂಸ್ಥೆಗಳ ಹೆಸರೇ ಇಂಥ ಪಟ್ಟಿಗಳಲ್ಲಿ ಮೊದಲು ಬರುತ್ತದೆ ಎಂಬುದು ಈ ವ್ಯವಹಾರ ಬಲ್ಲವರಿಗೆ ಹೊಸ ಸಂಗತಿಯಲ್ಲ.

ಅವಳನ್ನು ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕೂರಿಸಿಕೊಂಡು ಡಿಎಎಡಿ ಜಾಲತಾಣ ತೆರೆದೆ. 1925ರಲ್ಲಿ ಸ್ಥಾಪನೆಯಾದ ಈ ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆಯು ಅಲ್ಲಿನ ಅಂತರರಾಷ್ಟ್ರೀಯ ಕೋರ್ಸುಗಳ ಪಟ್ಟಿಯನ್ನು ಯಾರು ಬೇಕಾದರೂ ಬಿಟ್ಟಿಯಾಗಿ ನೋಡುವಂತೆ ಇಟ್ಟಿದೆ. ವಿಷಯ ಭೌತಶಾಸ್ತ್ರ, ಪದವಿ ಮಾಸ್ಟರ್ಸ್, ಬೋಧನಾ ಭಾಷೆ ಇಂಗ್ಲಿಷ್, ಬೋಧನಾ ಶುಲ್ಕ ಇಲ್ಲ ಎಂದು ನಾಲ್ಕು ಕಡೆ ಗುರುತು ಹಾಕಿದೆವು. ಬಂದ ಪಟ್ಟಿಯಲ್ಲಿದ್ದವು ಬಹುಪಾಲು ಸಾರ್ವಜನಿಕ ವಿಶ್ವವಿದ್ಯಾಲಯಗಳು. ಕನ್ಸಲ್ಟೆನ್ಸಿ ಕೊಟ್ಟ ಹಾಳೆಯ ಐದು ಹೆಸರುಗಳಲ್ಲಿ ಒಂದೂ ಅಲ್ಲಿರಲಿಲ್ಲ.

ಹಾಗೆಂದು ಜರ್ಮನಿಯಲ್ಲಿ ಓದು ಪೂರ್ತಿ ಉಚಿತ ಎಂದು ಸಾರುವ ವಿಡಿಯೊಗಳನ್ನೂ ನಂಬಬಾರದು. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯವಿರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯವು 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1,500 ಯೂರೊ ವಸೂಲು ಮಾಡುತ್ತಿದೆ. ವೀಸಾ ಬೇಕೆಂದರೆ ಒಂದು ವರ್ಷದ ಖರ್ಚಿನ ಹಣವನ್ನು ತಿಂಗಳಿಗಿಷ್ಟೇ ಎಂದು ತೆಗೆಯಬಹುದಾದ ವಿಶೇಷ ಖಾತೆಯಲ್ಲಿ ಮುಂಚಿತವಾಗಿ ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು 11,904 ಯೂರೊಗೆ ಏರಿಸಿದರು; ರೂಪಾಯಿಯಲ್ಲಿ ಲೆಕ್ಕ ಹಾಕಿದರೆ ಹತ್ತು ಲಕ್ಷ ದಾಟುತ್ತದೆ. 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳ ಅಂಕಪಟ್ಟಿಗಳನ್ನು ಪರಿಶೀಲಿಸುವ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯವಾಗಿದೆ. ನಮ್ಮ ಮೂರು ವರ್ಷದ ಬಿ.ಎಸ್ಸಿ. ಸಾಕೋ ಸಾಲದೋ ಎಂಬುದನ್ನು ಆಯಾ ವಿಶ್ವವಿದ್ಯಾಲಯದ ಪ್ರವೇಶ ವಿಭಾಗವೇ ಹೇಳಬೇಕು, ಏಜೆಂಟ್ ಅಲ್ಲ. ಈ ವಿಭಾಗಗಳಿಗೆ ಅವಳ ಕೈಯಲ್ಲೇ ಮೂರು ಇಮೇಲ್ ಬರೆಸಿದೆ. ಎರಡಕ್ಕೆ ವಾರದೊಳಗೆ ಉತ್ತರ ಬಂತು. ನಮ್ಮ ಕಚೇರಿಗಳಿಗೆ ಬರೆದು ಉತ್ತರ ಕಾಣದ ನನಗೆ ಅದೇ ಒಂದು ಬೆರಗು.

ಮಾಹಿತಿ ಎಲ್ಲಿಯೂ ಬಚ್ಚಿಟ್ಟಿಲ್ಲ, ಓದುವವರಿಲ್ಲ ಎಂದು ಹೇಳಲು ಇಷ್ಟು ವಿವರಿಸಿದೆ. ಇಂಗ್ಲಿಷಿನ ಉದ್ದುದ್ದ ಅರ್ಹತಾ ನಿಯಮಗಳನ್ನು ಕಂಡೊಡನೆ ನಮ್ಮ ಮಕ್ಕಳು ಹಿಂಜರಿಯುತ್ತಾರೆ. ಆ ಹಿಂಜರಿಕೆಯೇ ಕನ್ಸಲ್ಟೆನ್ಸಿಗಳ ಬಂಡವಾಳ. ಇನ್ನೊಂದು ತೊಡಕು, ‘ರಿಸಲ್ಟ್ ಬರಲಿ, ಆಮೇಲೆ ನೋಡೋಣ’ ಎಂಬ ನಮ್ಮ ರೂಢಿ. ಯುರೋಪಿನದೂ ಸೇರಿ ಎರಡಾದರೂ ದೇಶಗಳಲ್ಲಿ ಓದಿಸಿ ತಿಂಗಳಿಗೆ 1,400 ಯೂರೊ ಕೊಡುವ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನಕ್ಕೆ ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಜನವರಿಯೊಳಗೆ, ಅಂದರೆ ಪದವಿಯ ಕೊನೆಯ ವರ್ಷದಲ್ಲಿರುವಾಗಲೇ ಅರ್ಜಿ ಹಾಕಬೇಕು. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಆಗಸ್ಟ್‌ನಲ್ಲಿ ಬಾಗಿಲು ತೆರೆಯುತ್ತದೆ, ಆದರೆ 2,800 ಗಂಟೆಗಳ ಕೆಲಸದ ಅನುಭವ ಕೇಳುತ್ತಾರೆ. ಜೂನ್‌ನಲ್ಲಿ ಫಲಿತಾಂಶ ನೋಡಿಕೊಂಡು ವಿಚಾರಿಸಲು ಬರುವವರಿಗೆ ಒಂದು ವರ್ಷ ಕೈಬಿಟ್ಟಂತೆಯೇ.

ಸಂಶೋಧನೆಯ ದಾರಿಯಂತೂ ನಮ್ಮ ಕಾಲೇಜುಗಳಲ್ಲಿ ಇನ್ನೂ ಅಪರಿಚಿತ. ನಮ್ಮಲ್ಲಿ ಪ್ರವೇಶ ಪರೀಕ್ಷೆ ಬರೆದು ಆಮೇಲೆ ಗೈಡ್‌ಗಾಗಿ ಅಲೆಯುತ್ತಾರೆ. ನೆದರ್ಲೆಂಡ್ಸ್, ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಪಿಎಚ್.ಡಿ. ಎಂದರೆ ಬಹುಮಟ್ಟಿಗೆ ಸಂಬಳದ ಹುದ್ದೆ, ಅದಕ್ಕೆ ಜಾಹೀರಾತು ಕೊಟ್ಟು ಸಂದರ್ಶನ ಮಾಡುತ್ತಾರೆ. ಐರೋಪ್ಯ ಆಯೋಗದ ಯುರಾಕ್ಸೆಸ್ ತಾಣದಲ್ಲಿ ಇಂಥ ಜಾಹೀರಾತುಗಳು ದಿನವೂ ಬರುತ್ತವೆ. ನೋಡಲೂ ಅರ್ಜಿ ಹಾಕಲೂ ಕಾಸು ಖರ್ಚಿಲ್ಲ. ಮೇರಿ ಕ್ಯೂರಿ ಹೆಸರಿನ ಡಾಕ್ಟರಲ್ ಹುದ್ದೆಗಳಿಗೆ ಒಂದು ವಿಚಿತ್ರ ನಿಯಮವಿದೆ: ಹುದ್ದೆಯಿರುವ ದೇಶದಲ್ಲಿ ಅಭ್ಯರ್ಥಿಯು ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ನೆಲೆಸಿರಬಾರದು. ಚಳ್ಳಕೆರೆ ಬಿಟ್ಟು ಹೊರಗೆ ಹೋಗದ ಎಂ.ಎಸ್ಸಿ. ಪದವೀಧರನಿಗೆ ಊರಲ್ಲೇ ಇದ್ದದ್ದೂ ಅನುಕೂಲವಾಗುವುದು ಇಲ್ಲಿ ಮಾತ್ರವೇ ಇರಬೇಕು.

ಪ್ರೊಫೆಸರುಗಳಿಗೆ ನೇರವಾಗಿ ಬರೆಯುವವರೂ ಇದ್ದಾರೆ. ಒಂದೇ ಪತ್ರವನ್ನು ಹೆಸರು ಬದಲಿಸಿ ಇನ್ನೂರು ಮಂದಿಗೆ ಕಳಿಸಿ, ಯಾರೂ ಉತ್ತರಿಸಲಿಲ್ಲವೆಂದು ಬೇಸರಪಟ್ಟುಕೊಂಡ ಹುಡುಗರನ್ನು ನಾನು ಕಂಡಿದ್ದೇನೆ. ಆ ಪ್ರೊಫೆಸರರ ಒಂದು ಸಂಶೋಧನಾ ಪ್ರಬಂಧವನ್ನಾದರೂ ಓದಿ ಬರೆಯಿರಿ ಎಂದರೆ, ಓದಲು ದುಡ್ಡು ಕೇಳುತ್ತದೆ ಸಾರ್ ಎನ್ನುತ್ತಿದ್ದರು. ಆ ನೆಪ ಈಗ ಬಹಳಷ್ಟು ಕಡಿಮೆಯಾಗಿದೆ. 2025ರ ಜನವರಿ 1ರಿಂದ ಜಾರಿಗೆ ಬಂದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ಸಂಶೋಧನಾ ನಿಯತಕಾಲಿಕೆಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಅಧೀನದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ದೊರೆಯುತ್ತಿವೆ. ಭೌತಶಾಸ್ತ್ರ, ಗಣಿತದವರಿಗಂತೂ ಪ್ರಬಂಧಗಳನ್ನು ಬಿಟ್ಟಿಯಾಗಿ ಓದಬಹುದಾದ ಆರ್ಕೈವ್ (arXiv) ತಾಣ 1991ರಿಂದ ತೆರೆದೇ ಇದೆ.

ಕೆಲಸ ಹುಡುಕುವವರ ಬಗ್ಗೆ ಒಂದೇ ಮಾತು. ಭದ್ರತಾ ಸಿಬ್ಬಂದಿಯ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಯುದ್ಧಭೂಮಿಯಲ್ಲಿ ಸಿಲುಕಿದ್ದನ್ನು 2024ರಲ್ಲಿ ಪತ್ರಿಕೆಗಳಲ್ಲಿ ಓದಿದ್ದೇವೆ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿಯಿದೆ. ಅವರು ಕೆಲಸಗಾರನಿಂದ ಪಡೆಯಬಹುದಾದ ಸೇವಾ ಶುಲ್ಕ ಜಿಎಸ್‌ಟಿ ಬಿಟ್ಟು ಗರಿಷ್ಠ 30,000 ರೂಪಾಯಿ. ಹಣ ಕೊಡುವ ಮೊದಲು ಈ ಪಟ್ಟಿಯಲ್ಲಿ ಏಜೆಂಟನ ಹೆಸರು ಹುಡುಕಲು ಐದು ನಿಮಿಷ ಸಾಕು.

ಹಣವಿಲ್ಲದವರು ಇಷ್ಟೆಲ್ಲ ನೋಡಿ ಏನು ಪ್ರಯೋಜನ ಎಂಬ ಪ್ರಶ್ನೆಯೂ ಸಹಜವೇ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ; ವರ್ಷಕ್ಕೆ 125 ಸ್ಥಾನ, ಕುಟುಂಬದ ಆದಾಯದ ಮಿತಿ 8 ಲಕ್ಷ ರೂಪಾಯಿ. ವಿದೇಶ ವ್ಯಾಸಂಗಕ್ಕೆ ನೆರವಾಗುವ, ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯೂ ಇದೆ. ಈ ಎರಡರ ಹೆಸರನ್ನೂ ಕೇಳಿರದ ಅಂತಿಮ ವರ್ಷದ ವಿದ್ಯಾರ್ಥಿಗಳು ನಮ್ಮ ಕಾಲೇಜಿನಲ್ಲೇ ತರಗತಿ ತುಂಬ ಇದ್ದಾರೆ.

ಉನ್ನತ ಶಿಕ್ಷಣ ಇಲಾಖೆಗೆ ನನ್ನ ವಿನಂತಿ ದೊಡ್ಡದೇನಲ್ಲ. ಪ್ರತಿ ಪದವಿ ಕಾಲೇಜಿನ ಗ್ರಂಥಾಲಯದಲ್ಲಿ ವಾರಕ್ಕೆ ಎರಡು ಗಂಟೆ, ಒಬ್ಬ ಅಧ್ಯಾಪಕರ ಜೊತೆ ಕೂತು ಈ ತಾಣಗಳನ್ನು ಓದುವ ವ್ಯವಸ್ಥೆಯಾಗಲಿ. ವಿದ್ಯಾರ್ಥಿಗಳಿಗೆ ಕಾಲೇಜಿನ ಹೆಸರಿನ ಇಮೇಲ್ ವಿಳಾಸ ಕೊಡಲಿ. ವಿಶ್ವವಿದ್ಯಾಲಯಗಳು ಟ್ರಾನ್ಸ್‌ಕ್ರಿಪ್ಟ್ (ಎಲ್ಲ ವರ್ಷಗಳ ಅಂಕಗಳ ಅಧಿಕೃತ ದಾಖಲೆ) ಕೊಡಲು ಇಷ್ಟು ದಿನ ಎಂದು ಗಡುವು ಹಾಕಿಕೊಂಡು ಪಾಲಿಸಲಿ. ತಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಕನ್ಸಲ್ಟೆನ್ಸಿಗಳ ಜಾಹೀರಾತಿನ ಪಕ್ಕದಲ್ಲೇ ಆ ತಿಂಗಳ ಕೊನೆಯ ದಿನಾಂಕಗಳನ್ನು ಅಧಿಕೃತ ತಾಣದ ವಿಳಾಸದೊಡನೆ ಅಚ್ಚು ಹಾಕಿದರೆ ಅಂಥ ಪುಟವನ್ನು ಕತ್ತರಿಸಿ ಸೂಚನಾ ಫಲಕಕ್ಕೆ ಅಂಟಿಸುವ ಕೆಲಸ ನನ್ನದು.

ರಸೀದಿ ತಂದ ವಿದ್ಯಾರ್ಥಿನಿ ಎರಡು ವಿಶ್ವವಿದ್ಯಾಲಯಗಳ ಅರ್ಜಿ ತುಂಬಿ ಇಟ್ಟುಕೊಂಡಿದ್ದಾಳೆ. ಎರಡಕ್ಕೂ ಕೊನೆಯ ದಿನ ಜುಲೈ 15. ಟ್ರಾನ್ಸ್‌ಕ್ರಿಪ್ಟ್‌ಗೆ ಏಪ್ರಿಲ್‌ನಲ್ಲೇ ಚಲನ್ ಕಟ್ಟಿ, ಎರಡು ಸಲ ಬಸ್ಸು ಹತ್ತಿ ವಿಚಾರಿಸಿ ಬಂದರೂ ಅದು ಇನ್ನೂ ಅವಳ ಕೈಸೇರಿಲ್ಲ.

— ಗ್ರಂಥಪಾಲಕ, ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಚಿತ್ರದುರ್ಗ ಜಿಲ್ಲೆ