ವೈದ್ಯಕೀಯ ಪರೀಕ್ಷೆಗೆ ಜೊತೆ ಹೋಗುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳ ಜೊತೆ ವೈದ್ಯಕೀಯ ಪರೀಕ್ಷೆಗೆ ಹೋಗುವವರು ಶನಿವಾರ ಬೆಳಿಗ್ಗೆ 10ಕ್ಕೆ ಸೇರೋಣ. ಹೊಸಬರು ದಯವಿಟ್ಟು ತಪ್ಪಿಸಬೇಡಿ.

ಅಷ್ಟರೊಳಗೆ ಕರೆ ಬಂದರೆ ತಡಮಾಡಬೇಡಿ. ಅತ್ಯಾಚಾರವಾಗಿದ್ದರೆ ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ತೊಟ್ಟಿದ್ದ ಬಟ್ಟೆ ಒಗೆಯದೆ ಕಾಗದದ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಬೂಷ್ಟು ಹಿಡಿದರೆ ಸಾಕ್ಷ್ಯ ಹಾಳು. ಸ್ನಾನ ಆಗಿಹೋಗಿದ್ದರೂ ಪರೀಕ್ಷೆ ಮಾಡಿಸಬಹುದು. ಆದರೆ ಪ್ರತಿ ಹಂತಕ್ಕೂ ಆಕೆಯ ಒಪ್ಪಿಗೆ ಬೇಕು, ಬೇಡವೆಂದರೆ ಅಲ್ಲಿಗೇ ನಿಲ್ಲಿಸಬೇಕು.

‘ಗಾಯವೇ ಇಲ್ಲವಲ್ಲ’ ಎನ್ನುವ ಮಾತು ನಮ್ಮ ಬಾಯಿಂದ ಬರಲೇಬಾರದು. ಕತ್ತು ಹಿಸುಕಿದರೂ ಎಷ್ಟೋ ಸಲ ಹೊರಗೆ ಗುರುತು ಕಾಣುವುದಿಲ್ಲ. ದನಿ ಒಡೆದಿದೆಯೇ, ಎಂಜಲು ನುಂಗಲು ನೋವೇ ಎಂದು ಮೆಲ್ಲಗೆ ಕೇಳಿ, ವೈದ್ಯರಿಗೆ ತಿಳಿಸಿ.

ಯಾರ ಹೆಸರು, ಫೋಟೊವನ್ನೂ ಗುಂಪಿನಲ್ಲಿ ಹಾಕಬೇಡಿ. ಬರುವವರು ಗುರುವಾರದೊಳಗೆ ಇಲ್ಲೇ ತಿಳಿಸಿ.